ಹಗೇವಿನ ಗ್ಯಾನಪ್ಪ

ಗ್ಯಾನಪ್ಪ ಕಬ್ಬಿಣದ ಹಾರಿಯನ್ನು ಎತ್ತಿ ನೆಲಕ್ಕೆ ಒಂದೇ ಸಲ ಕುಟ್ಟುತ್ತಿದ್ದ. ಎರಡನೆಯ ಸಲ ಕುಟ್ಟಿದ್ದನ್ನು ನಾನು ಕಂಡಿಲ್ಲ. ಕುಟ್ಟಿ, ಹಾರಿಯ ಮೇಲ್ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ, ಮೂರು ಮೊಳಕ್ಕೆ ಗಟ್ಟಿ ಗರಸು ಮಣ್ಣು ಹತ್ತುತ್ತದೆ ಎಂದೋ, ಇಲ್ಲಿ ನೆಲ ಮೆತ್ತಗಿದೆ ಬೇಡ ಎಂದೋ ಹೇಳುತ್ತಿದ್ದ. ಅಗೆದು ನೋಡಿದರೆ ಅವನು ಹೇಳಿದ್ದೇ ಇರುತ್ತಿತ್ತು.

ಅವನ ಕೆಲಸ ಹಗೇವು ತೋಡುವುದು. ನರೇಗಲ್ಲಿನಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯನ್ನು ಬಿಟ್ಟು ಎಡಕ್ಕೆ ಒಂದು ಹರದಾರಿ ನಡೆದರೆ ನಮ್ಮ ಮರಡಿಹಾಳ. ಅಲ್ಲಿ ಆಗ ಉಳ್ಳವರು ಜೋಳವನ್ನು ಮನೆಯಲ್ಲಿಡುತ್ತಿರಲಿಲ್ಲ, ನೆಲದೊಳಗೆ ಇಡುತ್ತಿದ್ದರು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ತೋಡಿದ ಮೇಲೆ ಒಳಗೆ ಜೋಳದ ದಂಟಿನ ಕಣಕಿ ತುಂಬಿ ಬೆಂಕಿ ಹಚ್ಚಿ ಗೋಡೆಯನ್ನು ಸುಡಬೇಕು. ಸುಟ್ಟ ಗೋಡೆ ಹಸಿ ಹಿಡಿಯುವುದಿಲ್ಲ, ಇಲಿ ಕೊರೆಯುವುದಿಲ್ಲ. ಆರಿದ ಮೇಲೆ ಹೊಟ್ಟು ಹಾಸಿ ಜೋಳ ಸುರುವಿ, ಬಾಯಿಗೆ ಚಪ್ಪಡಿ ಇಟ್ಟು, ಮಣ್ಣು ಮುಚ್ಚಿದರೆ ಐದಾರು ವರ್ಷ ಕಾಳು ಕೆಡುವುದಿಲ್ಲ. ತೆರೆಯುವಾಗಲೂ ಗ್ಯಾನಪ್ಪನೇ ಬೇಕು. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಅವನು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ.

ಹೀಗಾಗಿ ಊರಿನಲ್ಲಿ ಯಾರ ಜೋಳ ಎಲ್ಲಿದೆ, ಎಷ್ಟಿದೆ ಎಂಬುದು ಯಜಮಾನನನ್ನು ಬಿಟ್ಟರೆ ಗ್ಯಾನಪ್ಪನಿಗೆ ಗೊತ್ತಿರುತ್ತಿತ್ತು. ಅವನು ಮಾತು ಕಡಿಮೆಯ ಮನುಷ್ಯ. ಅದಕ್ಕೇ ಎಲ್ಲರೂ ಅವನನ್ನು ನಂಬಿದ್ದರು. ೧೯೫೦ರ ಶ್ರಾವಣದವರೆಗೆ ಹಾಗಿತ್ತು.

ಅದು ಲೇವಿಯ ಕಾಲ. ಬೆಳೆದ ಜೋಳದಲ್ಲಿ ಸರಕಾರ ಹೇಳಿದಷ್ಟನ್ನು ಹೇಳಿದ ದರಕ್ಕೆ ಕೊಡಲೇಬೇಕಿತ್ತು. ಕೊಟ್ಟವರು ಕೊಟ್ಟರು, ಬಚ್ಚಿಟ್ಟವರು ಬಚ್ಚಿಟ್ಟರು. ಊರಿನ ದೊಡ್ಡ ಹಿಡುವಳಿದಾರ ಪ್ರಭುಲಿಂಗಪ್ಪ ಬಚ್ಚಿಟ್ಟವರಲ್ಲಿ ಒಬ್ಬರು. ಊರ ಹಗೇವುಗಳೆಲ್ಲ ಊರಬಾಗಿಲಾದ ಅಗಸಿಯ ಮುಂದೆ ಇದ್ದರೆ, ಅವರು ತಮ್ಮ ಕಣದ ಹಿಂದಿನ ಗರಸು ಬಯಲಿನಲ್ಲಿ ಗುಟ್ಟಾಗಿ ಒಂದನ್ನು ತೋಡಿಸಿದರು. ತೋಡಿದವನು ಗ್ಯಾನಪ್ಪ. ತುಂಬಿದವರು ಪ್ರಭುಲಿಂಗಪ್ಪ ಮತ್ತು ಅವರ ಇಬ್ಬರು ತಮ್ಮಂದಿರು. ಮನೆಯವರನ್ನು ಬಿಟ್ಟರೆ ಗ್ಯಾನಪ್ಪನೊಬ್ಬನಿಗೆ ಗೊತ್ತು.

ಆ ಶ್ರಾವಣದ ಒಂದು ಬೆಳಿಗ್ಗೆ ಲೇವಿ ಅಧಿಕಾರಿ ಜೀಪಿನಲ್ಲಿ ಬಂದ. ಅಗಸಿಯ ಕಟ್ಟೆಯ ಮೇಲೆ ಹತ್ತಾರು ಜನ ಕೂತಿದ್ದರು, ಆಗಷ್ಟೇ ಊರ ಶಾಲೆಗೆ ಬಂದಿದ್ದ ನಾನೂ ಇದ್ದೆ. ಗ್ಯಾನಪ್ಪ ಸ್ವಲ್ಪ ಆಚೆ ಕಲ್ಲಿನ ಮೇಲೆ ಹಾರಿಯ ಮೊನೆ ತಿಕ್ಕುತ್ತಿದ್ದ. ಅಧಿಕಾರಿ ನೇರ ಅವನ ಹತ್ತಿರ ಹೋಗಿ ಏನೋ ಕೇಳಿದ. ಗ್ಯಾನಪ್ಪ ಎದ್ದು ನಿಂತು ಕೈ ಎತ್ತಿ ತೋರಿಸಿದ. ಆ ಕೈಯನ್ನು ನಾವೆಲ್ಲರೂ ನೋಡಿದೆವು. ಅಧಿಕಾರಿ ಊರ ಹುಡೇವನ್ನು ಹತ್ತಿದ. ಅದು ಹಿಂದೆ ದಂಡು ಬಂದಾಗ ಕಾವಲು ಕಾಯಲು ಕಟ್ಟಿದ ಎತ್ತರದ ಮಣ್ಣಿನ ಬುರುಜು. ಮೇಲೆ ನಿಂತು ಸುತ್ತಲೂ ನೋಡಿ ಇಳಿದವನು, ಯಾರನ್ನೂ ಒಂದು ಮಾತು ಕೇಳದೆ, ನೆಟ್ಟಗೆ ಪ್ರಭುಲಿಂಗಪ್ಪನವರ ಕಣದ ಹಿಂದೆ ಹೋಗಿ, ಇಲ್ಲಿ ಅಗೆಯಿರಿ ಎಂದು ಬೂಟಿನಿಂದ ನೆಲ ತಟ್ಟಿ ತೋರಿಸಿದ.

ಅಲ್ಲಿದ್ದದ್ದನ್ನೆಲ್ಲ ಹೊತ್ತು ಹೋದರು. ಪ್ರಭುಲಿಂಗಪ್ಪನವರನ್ನು ರೋಣದ ತಾಲೂಕು ಕಚೇರಿಗೆ ಎಂಟು ಸಲ ಅಲೆದಾಡಿಸಿದರು. ಊರಿನ ಎದುರು ಎಂದೂ ತಲೆ ತಗ್ಗಿಸದ ಮನುಷ್ಯ ಜೀಪಿನ ಹಿಂದೆ ನಡೆದು ಹೋದದ್ದನ್ನು ಜನ ಮರೆಯಲಿಲ್ಲ. ಅವರು ಗ್ಯಾನಪ್ಪನನ್ನು ಕರೆಸಿ ಕೇಳಿದರು. ಅವನು ಹೇಳಿದ್ದು ಇಷ್ಟೇ: "ಹುಡೇವಿನ ಮೆಟ್ಲ ಎಲ್ಲಿ ಅದಾವ ಅಂತ ಕೇಳಿದ್ರು ಧಣ್ಯಾರ. ತೋರ್ಸೀನಿ. ಅಷ್ಟರಿ."

ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ.

ಆಮೇಲಿನ ಐದು ವರ್ಷ ಅವನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ. ಹಗೇವು ತೋಡಲು ಬೆಳವಣಕಿಯಿಂದ ಒಬ್ಬನನ್ನು ಕರೆಸತೊಡಗಿದರು. ಅವನಿಗೆ ನೆಲದ ಸದ್ದು ತಿಳಿಯುತ್ತಿರಲಿಲ್ಲ, ಅವನು ತೋಡಿದ ಎರಡು ಹಗೇವುಗಳಿಗೆ ನೀರು ನುಗ್ಗಿ ಜೋಳ ಮುಗ್ಗಿತು. ಆದರೂ ಅವನನ್ನೇ ಕರೆಸಿದರು. ಗ್ಯಾನಪ್ಪ ಕಟ್ಟೆಯ ಕಡೆ ಬಂದರೆ ಮಾತು ಬೆಳೆಯ ಮೇಲಿಂದ ಮಳೆಯ ಮೇಲೆ ಹೊರಳುತ್ತಿತ್ತು. ಅವನ ಹೆಂಡತಿ ನೀಲವ್ವ ಬಾವಿಗೆ ಹೋದರೆ ಹಗ್ಗ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಅವನು ಗಜೇಂದ್ರಗಡದ ಗುಡ್ಡಕ್ಕೆ ಕಲ್ಲು ಒಡೆಯಲು ಹೋಗತೊಡಗಿದ. ಊರು ಬಿಟ್ಟು ಬೇರೆ ಕಡೆ ಹೋಗೋಣ ಎಂದು ನೀಲವ್ವ ಅಂದಾಗ, ಬಿಟ್ಟು ಹೋದರೆ ನಾನೇ ಹೇಳಿದೆ ಅಂದ ಹಾಗಾಗುತ್ತದೆ ಎಂದು ಅವನು ಒಪ್ಪಲಿಲ್ಲವಂತೆ.

೧೯೫೫ರ ಯುಗಾದಿ ಮುಗಿದ ವಾರ ಊರಿಗೆ ಎರಡು ಡೇರೆ ಬಂದವು. ಅವು ವಾಸುದೇವ ಕೊಣ್ಣೂರ ಎಂಬ ಸಾಹೇಬರವು. ಕನ್ನಡದವರೇ, ಪುಣೆಯಲ್ಲಿ ಓದಿ ಅಲ್ಲೇ ಪುರಾತತ್ವದ ನೌಕರಿಯಲ್ಲಿದ್ದರು. ನಮ್ಮೂರಿಗೆ ಹೆಸರು ಬಂದದ್ದು ಊರ ಉತ್ತರಕ್ಕಿರುವ ಬೂದಿಮರಡಿಯಿಂದ. ಅದು ಮಣ್ಣಿನ ಗುಡ್ಡವಲ್ಲ, ಬೂದಿಯ ಗುಡ್ಡ. ರಾಕ್ಷಸನೊಬ್ಬನನ್ನು ಸುಟ್ಟ ಬೂದಿ ಎಂದು ಹಿರಿಯರು ಹೇಳುತ್ತಿದ್ದರು. ಸಾಹೇಬರು ಹೇಳಿದ್ದೇ ಬೇರೆ. ಮೂರು ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಾರರು ಇಲ್ಲಿ ದೊಡ್ಡ ದೊಡ್ಡಿ ಕಟ್ಟಿದ್ದರು, ವರ್ಷಗಟ್ಟಲೆ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಚ್ಚಿದ್ದರು, ಅದರ ಬೂದಿ ಇದು ಎಂದರು. ಅವರು ಏನು ತಿನ್ನುತ್ತಿದ್ದರು, ಯಾವ ಕಾಳು ಬಿತ್ತುತ್ತಿದ್ದರು, ಆಗ ಈ ಗುಡ್ಡಗಳಲ್ಲಿ ಯಾವ ಗಿಡ ಇದ್ದವು ಎಂದು ತಿಳಿಯಲು ಅಗೆಯುತ್ತೇನೆ ಎಂದರು.

ಸಗಣಿಯ ಬೂದಿ ನೋಡಲು ಪುಣೆಯಿಂದ ಯಾರಾದರೂ ಬರುತ್ತಾರೆಯೇ? ಊರು ಒಂದೇ ದಿನದಲ್ಲಿ ತೀರ್ಮಾನಿಸಿತು. ಅಲ್ಲಿ ನಿಧಿ ಇದೆ.

ಸಾಹೇಬರು ಮನೆ ಮನೆಗೆ ಹೋಗಿ ಏನು ಬಿತ್ತುತ್ತೀರಿ, ಏನು ತಿನ್ನುತ್ತೀರಿ, ಗುಡ್ಡದಿಂದ ಯಾವ ಸೊಪ್ಪು ತರುತ್ತೀರಿ ಎಂದು ಕೇಳಿ ಬರೆದುಕೊಳ್ಳತೊಡಗಿದಾಗ ಇನ್ನೊಂದು ಸಂಶಯವೂ ಹುಟ್ಟಿತು. ಲೇವಿ ಮುಗಿದು ಸ್ವಲ್ಪವೇ ದಿನವಾಗಿತ್ತು. ಕಾಳಿನ ಲೆಕ್ಕ ಕೇಳಿದವರು ಯಾರೇ ಆಗಲಿ, ಹಿಂದೆಯೇ ಜೀಪು ಬರುತ್ತದೆ ಎಂದು ಜನ ಕಲಿತಿದ್ದರು. ಹುರುಳಿ ನಾವು ಬಿತ್ತುವುದೇ ಇಲ್ಲ ಎಂದು ಒಬ್ಬಳು ಹೇಳುವಾಗ ಅವಳ ಮಾಳಿಗೆಯ ಮೇಲೆ ಹುರುಳಿ ಬಳ್ಳಿ ಒಣಗುತ್ತಿತ್ತು. ಸಾಹೇಬರು ಅದನ್ನು ನೋಡಿದರು, ಪುಸ್ತಕ ಮುಚ್ಚಿದರು. ನಾವು ಅವರನ್ನು ನಂಬದಿದ್ದಂತೆ ಅವರೂ ನಮ್ಮನ್ನು ನಂಬದಿರುವುದು ಅಂದಿನಿಂದ ಶುರುವಾಯಿತು ಎಂದು ಈಗ ನನಗನ್ನಿಸುತ್ತದೆ.

ಕೆಲಸಕ್ಕೆ ಮೊದಲು ಹೋದವನು ಗ್ಯಾನಪ್ಪ. ಎರಡನೆಯ ದಿನವೇ ಸಾಹೇಬರಿಗೆ ಅವನ ಕಿವಿಯ ಬೆಲೆ ತಿಳಿಯಿತು. ಅವನು ಹಾರಿ ಕುಟ್ಟಿ, ಇದು ಹುಟ್ಟು ನೆಲ, ಇದು ಯಾರೋ ಕೈಯಾಡಿಸಿದ ನೆಲ ಎಂದು ಗೆರೆ ಎಳೆದರೆ, ಅಗೆದಾಗ ಗೆರೆಯ ಮೇಲೇ ಮಣ್ಣಿನ ಬಣ್ಣ ಬದಲಾಗುತ್ತಿತ್ತು. ಊರಿಗೆ ಇದೂ ಒಂದು ಸಾಕ್ಷಿಯಾಯಿತು. ಬಚ್ಚಿಟ್ಟದ್ದನ್ನು ಸರಕಾರಕ್ಕೆ ತೋರಿಸುವುದು ಅವನ ಹಳೆಯ ಚಾಳಿ ಎಂದರು.

ಬೇಸಿಗೆಯ ರಜೆ ಬಂದಾಗ ಪ್ರಭುಲಿಂಗಪ್ಪ ನನ್ನನ್ನು ಮನೆಗೆ ಕರೆಸಿದರು. ನಾನು ಊರ ಶಾಲೆಯ ಮಾಸ್ತರ, ಅವರದೇ ಮನೆಯ ಒಂದು ಕೋಣೆಯಲ್ಲಿದ್ದವನು. ಅವರು ಬಾಗಿಲು ಮುಚ್ಚಿ ಮೆಲ್ಲಗೆ ಹೇಳಿದರು: "ಮಾಸ್ತರ್ರ, ಆ ಸಾಹೇಬಗ ಬರಿಯಾಕ ಒಬ್ರು ಬೇಕಂತ. ನೀವು ಹೋಗ್ರಿ. ಏನು ಸಿಗತೈತಿ, ಪೆಟ್ಟಿಗ್ಯಾಗ ಏನು ಹಾಕ್ತಾರ, ನನಗ ತಿಳಸ್ರಿ. ಆ ಗ್ಯಾನ್ಯಾನ ಮ್ಯಾಲೂ ಒಂದು ಕಣ್ಣಿರ್ಲಿ."

ನಾನು ಹೂಂ ಎಂದೆ. ಮರುದಿನದಿಂದ ಸಿಕ್ಕ ವಸ್ತುಗಳಿಗೆ ಕಟ್ಟುವ ಸಾಹೇಬರ ಚೀಟಿಗಳನ್ನು ಬರೆಯುವವನೂ ನಾನೇ, ಸಂಜೆ ಪ್ರಭುಲಿಂಗಪ್ಪನವರ ಪಡಸಾಲೆಯಲ್ಲಿ ಅಂದಿನದನ್ನೆಲ್ಲ ಒಪ್ಪಿಸುವವನೂ ನಾನೇ. ಒಪ್ಪಿಸಲು ಏನಿತ್ತು? ಮಡಕೆಯ ಚೂರು, ದನದ ಎಲುಬು, ಉಜ್ಜಿ ನುಣುಪಾದ ಕಲ್ಲಿನ ಕೊಡಲಿ, ಇದ್ದಲಿನ ಚೂರುಗಳು. ಇದ್ದಲಿನ ಎಳೆಗಳನ್ನು ನೋಡಿ, ಬೋಳಾದ ಈ ಗುಡ್ಡದಲ್ಲಿ ಒಂದು ಕಾಲಕ್ಕೆ ದಿಂಡಲ ಮರ ಇದ್ದಿರಬೇಕು ಎಂದು ಸಾಹೇಬರು ಖುಷಿಪಟ್ಟರು. ಅದನ್ನು ಹೇಳಿದರೆ ಪ್ರಭುಲಿಂಗಪ್ಪ, ಇದ್ದಲಿಗೆ ಯಾರಾದರೂ ಖುಷಿಪಡುತ್ತಾರೆಯೇ, ನಿಮಗೆ ಖರೇ ವಸ್ತು ತೋರಿಸುತ್ತಿಲ್ಲ ಎಂದರು.

ಹೀಗಿರುವಾಗ ಮರಡಿಯ ಬಡಗಣ ಅಂಚಿನಲ್ಲಿ ಗ್ಯಾನಪ್ಪನ ಹಾರಿಗೆ ಒಂದು ಬೇರೆ ಸದ್ದು ಕೇಳಿಸಿತು. ಅವನು ಕೂತು ಕೈಯಿಂದಲೇ ಮಣ್ಣು ಸರಿಸುತ್ತ ಒಂದು ದುಂಡು ಅಂಚನ್ನು ಬಿಡಿಸಿದ. ಎರಡು ದಿನ ಅವನೊಬ್ಬನೇ ಒಳಗಿಳಿದು ಅಗೆದ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಗೋಡೆ ಇಟ್ಟಂಗಿಯ ಹಾಗೆ ಕೆಂಪಗೆ ಸುಟ್ಟಿತ್ತು. ಅವನು ಆ ಗೋಡೆಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಹಾಗೆಯೇ ಕೂತಿದ್ದ. ಸಾಹೇಬರು ಮೇಲಿನಿಂದ ಕೇಳಿದಾಗ ಕತ್ತೆತ್ತಿ ಹೇಳಿದ: "ಇವರೂ ಹಗೇವು ಸುಟ್ಟಾರ್ರಿ ಸಾಹೇಬ್ರ. ನಮ್ಹಂಗ."

ತಳದಲ್ಲಿ ಒಂದು ಬೆರಳ ದಪ್ಪದ ಪದರಾಗಿ ಕರಿಯ ಕಾಳು ಸಿಕ್ಕವು. ಇದ್ದಲಾಗಿದ್ದರೂ ಆಕಾರ ಕೆಟ್ಟಿರಲಿಲ್ಲ. ಸಾಹೇಬರು ಭೂತಗನ್ನಡಿ ಹಿಡಿದು ಒಂದೊಂದನ್ನೂ ತಿರುಗಿಸಿ ನೋಡಿದರು. ಇವು ಸುಟ್ಟದ್ದು ಹೇಗೆ ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ಗ್ಯಾನಪ್ಪ ಸಹಜವಾಗಿ ಹೇಳಿದ, ಗೋಡೆ ಸುಟ್ಟ ಮೇಲೆ ಕೆಂಡ ಪೂರ್ತಿ ಆರುವ ಮೊದಲೇ ಕಾಳು ಸುರುವಿದರೆ ತಳದವು ಹೀಗೆ ಕರಿದಾಗುತ್ತವೆ, ಮೇಲೆ ಮುಚ್ಚಿರುವುದರಿಂದ ಬೂದಿಯಾಗುವುದಿಲ್ಲ, ತನ್ನ ಕೈಯಿಂದಲೂ ಒಂದೆರಡು ಸಲ ಹಾಗೆ ಆಗಿದೆ ಎಂದು.

ಸಾಹೇಬರು ಭೂತಗನ್ನಡಿಯನ್ನು ಕೆಳಗಿಟ್ಟು ಅವನ ಮುಖ ನೋಡಿದರು.

ಆ ಸಂಜೆ ಡೇರೆಯಲ್ಲಿ ಅವರು ನನ್ನನ್ನು ಕೂಡಿಸಿ, ಗ್ಯಾನಪ್ಪ ಎಂಥ ಮನುಷ್ಯ ಎಂದು ಕೇಳಿದರು. ಹಿಂದೊಮ್ಮೆ ಬೇರೆ ಕಡೆ ಅಗೆಯುವಾಗ, ಸಾಹೇಬರು ಖುಷಿಯಾಗಲಿ ಎಂದು ಆಳೊಬ್ಬ ತನ್ನ ಮನೆಯ ಹಳೆಯ ಮಣಿಯನ್ನು ಕುಣಿಯಲ್ಲಿ ಹೂತಿಟ್ಟು ತೆಗೆದುಕೊಟ್ಟಿದ್ದನಂತೆ. ಅದನ್ನು ನಂಬಿ ಬರೆದು ಇವರು ಹಿರಿಯರ ಎದುರು ನಗೆಗೀಡಾಗಿದ್ದರು. ಈ ಕಾಳು ಸಿಕ್ಕಿದ್ದು ಗ್ಯಾನಪ್ಪನೊಬ್ಬನೇ ಇಳಿದ ಕುಣಿಯಲ್ಲಿ. ಹೀಗೆ ಕಾಳು ಸುಡುವ ರೀತಿಯೂ ಅವನಿಗೆ ಗೊತ್ತು.

ನಾನು ಲೇವಿಯ ಕಥೆ ಹೇಳಿದೆ. ಊರವರು ಹೀಗೆನ್ನುತ್ತಾರೆ ಎಂದೆ. ಸಾಬೀತಾಗಿಲ್ಲ ಎಂಬ ಮಾತು ಬಾಯಿಯವರೆಗೆ ಬಂದಿತ್ತು, ಆದರೆ ಹೇಳಲಿಲ್ಲ. ಸಾಹೇಬರು ಕಾಳಿನ ಪೊಟ್ಟಣದ ಮೇಲೆ 'ಸಂಶಯಾಸ್ಪದ' ಎಂದು ಬರೆಯಲು ಹೇಳಿದರು. ದುಂಡಗಿನ ಅಕ್ಷರದಲ್ಲಿ ನಾನೇ ಬರೆದೆ.

ಮರುದಿನ ಗ್ಯಾನಪ್ಪನನ್ನು ಕುಣಿಯಿಂದ ತೆಗೆದು ಮಣ್ಣು ಹೊರಲು ಹಚ್ಚಿದರು. ಕಾರಣ ಹೇಳಲಿಲ್ಲ. ಅವನೂ ಕೇಳಲಿಲ್ಲ. ಹಾರಿಯನ್ನು ಡೇರೆಯ ಗೂಟಕ್ಕೆ ಒರಗಿಸಿ ಬುಟ್ಟಿ ಎತ್ತಿಕೊಂಡ. ಉಳಿದ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಧ್ಯಾಹ್ನದೊಳಗೆ ಊರಿಗೆ ಸುದ್ದಿ ಹೋಯಿತು, ಗ್ಯಾನಪ್ಪ ಏನೋ ಕದ್ದು ಸಿಕ್ಕಿಬಿದ್ದ ಎಂದು.

ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ನೀಲವ್ವ ಬಂದಳು. ಕೈಯಲ್ಲಿ ಒಂದು ಸಣ್ಣ ಗಡಿಗೆ, ಎರಡು ಮುತ್ತಲ ಎಲೆ. ಕಾಳು ಸಿಕ್ಕ ಮರುದಿನವೇ ಗಂಡನನ್ನು ಕುಣಿಯಿಂದ ತೆಗೆದರೆ ಸಂಶಯ ಆ ಕಾಳಿನದೇ ಎಂದು ಅವಳು ಲೆಕ್ಕ ಹಾಕಿದ್ದಳು. ಅವಳು ಗಂಡನ ಕಡೆ ನೋಡದೆ ನೆಟ್ಟಗೆ ಡೇರೆಯ ಮುಂದೆ ಬಂದು ಕೂತು, ಗಡಿಗೆಯಿಂದ ಸುಟ್ಟ ಹುರುಳಿಯನ್ನು ಒಂದು ಎಲೆಯ ಮೇಲೆ ಸುರುವಿದಳು. ಇನ್ನೊಂದು ಎಲೆಯನ್ನು ಸಾಹೇಬರ ಮುಂದೆ ಸರಿಸಿದಳು.

"ಇದು ನಿನ್ನಿ ನನ್ನ ಒಲ್ಯಾಗ ಸುಟ್ಟದ್ದರಿ. ಮಣ್ಣು ಮುಚ್ಚಿ, ಕೆಂಡದಾಗ ಇಟ್ಟು ಸುಟ್ಟೀನಿ. ಕುಣ್ಯಾಗಿನವು ಇದರಾಗ ಹಾಕ್ರಿ."

ಸಾಹೇಬರು ಪೊಟ್ಟಣದಿಂದ ಹತ್ತು ಕಾಳು ತೆಗೆದು ಎಲೆಯ ಮೇಲಿಟ್ಟು, ಎಣಿಸಿದೆ ಎಂಬಂತೆ ನನ್ನ ಕಡೆ ನೋಡಿದರು. ನೀಲವ್ವ ತನ್ನ ಎಲೆಯಿಂದ ಒಂದು ಕಾಳನ್ನು ಉಗುರಿನಿಂದ ಒಡೆದಳು. ಒಳಗೆ ಇನ್ನೂ ಕಂದು ಬಣ್ಣವಿತ್ತು, ಹುರಿದ ವಾಸನೆ ಬಂತು. ಕುಣಿಯ ಕಾಳನ್ನು ಒತ್ತಿದಾಗ ಅದು ಸದ್ದಿಲ್ಲದೆ ಪುಡಿಯಾಯಿತು. ವಾಸನೆ ಎಂಬುದೇ ಇರಲಿಲ್ಲ. ಮತ್ತೊಂದರೊಳಗೆ ಕೂದಲಿಗಿಂತ ತೆಳುವಾದ ಹುಲ್ಲಿನ ಬೇರು ತೂರಿ ಹೋಗಿ ಒಣಗಿತ್ತು. ಅವಳು ಎರಡನ್ನೂ ಜೋಡಿಯಾಗಿ ಇಟ್ಟಳು. ಕುಣಿಯದ್ದು ಅವಳದ್ದರ ಅರ್ಧಕ್ಕಿಂತ ತುಸು ದೊಡ್ಡದು, ಅಷ್ಟೇ.

"ಇದೂ ಹುರಳೀನರಿ. ಆದ್ರ ಇಷ್ಟು ಸಣ್ಣ ಹುರಳಿ ಈ ಸೀಮ್ಯಾಗ ಯಾರ ಹೊಲದಾಗೂ ಇಲ್ಲ. ಸುಟ್ಟರೂ ನಮ್ಮದು ಇಷ್ಟು ಸಣ್ಣದಾಗೂದಿಲ್ಲ, ನೀವ ನೋಡ್ರಿ. ನನ್ನ ಗಂಡ ಇದನ್ನ ಎಲ್ಲಿಂದ ತಂದು ಹಾಕಬೇಕ್ರಿ?"

ಅವಳು ಕುಣಿಯ ಕಾಳುಗಳಲ್ಲಿ ಎರಡು ತೀರ ಸಣ್ಣವನ್ನು ಬೇರೆ ಮಾಡಿ, ಇವು ಕೊರಲೆ, ತನ್ನ ಅಜ್ಜಿ ಇದರ ಅನ್ನ ಮಾಡುತ್ತಿದ್ದಳು, ಈಗ ಯಾರೂ ಬಿತ್ತುವುದಿಲ್ಲ, ಗುಡ್ಡದ ಅಂಚಿನಲ್ಲಿ ತಾನಾಗಿ ಹುಟ್ಟುತ್ತದೆ ಎಂದಳು. ಎಲೆ ಮಡಚುತ್ತ ಏಳುವಾಗ ಇನ್ನೊಂದು ಮಾತು ಹೇಳಿದಳು.

"ನನ್ನ ಗಂಡನ ಮಾತು ಯಾರೋ ನಿಮ್ಮ ಕಿವಿಗೆ ಹಾಕ್ಯಾರ. ಯಾರಂತ ನಾ ಕೇಳೂದಿಲ್ಲ."

ನಾನು ಚೀಟಿಗಳ ಮೇಲೆ ಬಗ್ಗಿ, ಬರೆದದ್ದನ್ನೇ ಮತ್ತೆ ಬರೆದೆ.

ಸಾಹೇಬರು ನ್ಯಾಯವಂತರು, ಆದರೆ ಒಮ್ಮೆ ಸುಟ್ಟುಕೊಂಡವರು. ಇನ್ನೊಂದು ಇಂಥ ಕುಣಿ ಸಿಕ್ಕು, ಅದನ್ನು ತಾವೇ ಎದುರು ನಿಂತು ಅಗೆಸಿ ನೋಡುವವರೆಗೆ ಏನೂ ಹೇಳುವುದಿಲ್ಲ ಎಂದು ನನಗೆ ಹೇಳಿದರು. ಗ್ಯಾನಪ್ಪ ಮಣ್ಣು ಹೊರುತ್ತಲೇ ಇದ್ದ.

ಮೇ ತಿಂಗಳ ಮೊದಲ ವಾರ ಎರಡು ಸಂಜೆ ಅಡ್ಡಮಳೆ ಹೊಡೆಯಿತು. ಡೇರೆಗಳು ತೊಯ್ದು ಕೆಲಸ ನಿಂತಿತು. ಬಿಸಿಲು ಬಿದ್ದ ಎಂಟು ಹತ್ತು ದಿನಕ್ಕೆ ಮರಡಿಯ ಸುತ್ತಿನ ಗರಸು ನೆಲದಲ್ಲಿ ಗಿಡ್ಡ ಹುಲ್ಲು ಚಿಗುರಿತು. ಒಂದು ಮುಂಜಾನೆ ಸಾಹೇಬರು ಮರಡಿಯ ನೆತ್ತಿಯ ಮೇಲೆ ನಿಂತು ಎಲ್ಲರನ್ನೂ ಕೂಗಿ ಕರೆದರು. ಹತ್ತಿದೆವು. ಕೆಳಗೆ, ತೆಳು ಹುಲ್ಲಿನ ನಡುವೆ, ಯಾರೋ ತಟ್ಟೆ ಇಟ್ಟು ಎತ್ತಿದಂತೆ ದುಂಡು ದುಂಡಗೆ ಹನ್ನೊಂದು ಕಡೆ ಹುಲ್ಲು ದಟ್ಟವಾಗಿ, ಎತ್ತರವಾಗಿ, ಕಡುಹಸಿರಾಗಿ ಬೆಳೆದಿತ್ತು.

ಸಾಹೇಬರು ತಿಳಿಸಿ ಹೇಳಿದರು. ಗರಸು ನೆಲ ಬಿಗಿ, ನೀರು ಇಂಗುವುದಿಲ್ಲ. ಒಮ್ಮೆ ಕುಣಿ ತೋಡಿ ಮುಚ್ಚಿದರೆ ಅಲ್ಲಿಯ ಮಣ್ಣು ಸಡಿಲ, ನೀರು ಹಿಡಿಯುತ್ತದೆ. ಅಲ್ಲಿ ಹುಲ್ಲು ಬೇಗ ಏಳುತ್ತದೆ, ತಡವಾಗಿ ಒಣಗುತ್ತದೆ. ಅವರು ಸುಣ್ಣದಿಂದ ಗುರುತು ಹಾಕಿಸಿ, ಮೂರನೆಯ ಗುರುತಿನಲ್ಲಿ ಮದರಸಾಬ ಎಂಬ ಆಳನ್ನು ಇಳಿಸಿದರು. ತಾವು ಎರಡು ದಿನ ಅಂಚಿನಿಂದ ಕದಲಲಿಲ್ಲ, ಊಟವನ್ನೂ ಅಲ್ಲೇ ಮಾಡಿದರು. ಅದೇ ಸಣ್ಣ ಬಾಯಿ, ಅದೇ ಸುಟ್ಟ ಗೋಡೆ. ತಳದಲ್ಲಿ ಅದೇ ಸಣ್ಣ ಹುರುಳಿ, ಅದೇ ಕೊರಲೆ.

ಪೊಟ್ಟಣ ತರಿಸಿ, ನಾನು ಬರೆದ ಮಾತನ್ನು ನನ್ನ ಕೈಯಿಂದಲೇ ಹೊಡೆಸಿ ಹಾಕಿಸಿದರು. ಬುಟ್ಟಿ ಹೊತ್ತು ಬರುತ್ತಿದ್ದ ಗ್ಯಾನಪ್ಪನ ಎದುರು ಹೋಗಿ ಎಲ್ಲರೂ ಕೇಳುವಂತೆ ಹೇಳಿದರು: "ಗ್ಯಾನಪ್ಪ, ನಂದು ತಪ್ಪಾತು. ನಾಳಿಂದ ನೀವ ಕುಣಿಗೆ ಇಳೀರಿ."

ಗ್ಯಾನಪ್ಪನಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವನ ಕಣ್ಣು ಇನ್ನೂ ಅಗೆಯದ ಒಂದು ಹಸಿರು ದುಂಡಿನ ಮೇಲಿತ್ತು.

"ಸಾಹೇಬ್ರ, ಇದು ಹಳೇ ಕುಣಿಗಷ್ಟ ಆಗತೈತೋ, ಹೊಸಾದಕ್ಕೂ ಆಗತೈತೋ?"

"ಹೊಸಾದಕ್ಕ ಇನ್ನೂ ಜಲ್ದಿ ಆಗತೈತಿ. ಮ್ಯಾಲಿಂದ ನೋಡಿದ್ರ ಇನ್ನೂ ಚಲೋ ಕಾಣತೈತಿ."

ಗ್ಯಾನಪ್ಪ ಬುಟ್ಟಿಯನ್ನು ಇಳಿಸಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತ. ಎದ್ದಾಗ ನನ್ನ ಹತ್ತಿರ ಬಂದ. ನಾಳೆ ಬೆಳಕು ಹರಿದ ಮೇಲೆ ತನ್ನ ಜೊತೆ ಹುಡೇವು ಹತ್ತಬೇಕು, ತಾನೊಬ್ಬನೇ ನೋಡಿದರೆ ಯಾರೂ ನಂಬುವುದಿಲ್ಲ ಎಂದ.

ಹತ್ತಿದೆವು. ಮೇಲೆ ನಿಂತು ಅವನು ಕೈ ಎತ್ತಿ ತೋರಿಸಿದ. ಪ್ರಭುಲಿಂಗಪ್ಪನವರ ಕಣದ ಹಿಂದೆ, ಬೋಳು ಗರಸಿನ ನಡುವೆ, ಎತ್ತಿನ ಗಾಡಿಯ ಗಾಲಿಯಷ್ಟು ಅಗಲದ ಒಂದು ಹಸಿರು ದುಂಡು. ಲೇವಿಯವರು ಬರಿದು ಮಾಡಿದ ಆ ಹಗೇವನ್ನು ಅಂದೇ ಮಣ್ಣು ಹಾಕಿ ಮುಚ್ಚಿದ್ದರು. ಲೇವಿ ಅಧಿಕಾರಿ ಅಂದು ಇಲ್ಲಿಂದಲೇ ನೋಡಿದ್ದ. ಅದೂ ಶ್ರಾವಣದ ಹಸಿಯಲ್ಲಿ. ಯಾರೂ ಹೇಳಬೇಕಾಗಿರಲಿಲ್ಲ.

ನಾನು ಗ್ಯಾನಪ್ಪನ ಮುಖ ನೋಡಿದೆ. ಗೆದ್ದವನ ಮುಖವಾಗಿರಲಿಲ್ಲ ಅದು. ಮೊದಲು ತೋಡಿ ತುಂಬಿದಾಗ ಆ ಬಾಯಿಗೆ ಮಣ್ಣು ಮುಚ್ಚಿ ಬಡಿದವನು ತಾನು, ಐದು ವರ್ಷ ಇದು ತನಗೇ ಹೊಳೆಯಲಿಲ್ಲವಲ್ಲ ಎಂದು ಒಮ್ಮೆ ಅಂದ.

ಪ್ರಭುಲಿಂಗಪ್ಪನವರಿಗೆ ಹೇಳಿದಾಗ ಅವರು ಮೊದಲು ಸಂಶಯಪಟ್ಟದ್ದು ನನ್ನ ಮೇಲೆ. ಸಾಹೇಬ ನಿಮ್ಮನ್ನೂ ಒಳಗೆ ಹಾಕಿಕೊಂಡನೇ ಎಂದರು. ಆದರೂ ಬಂದರು. ಮೊಣಕಾಲು ನೋವಿನ ಮನುಷ್ಯ ಹುಡೇವಿನ ಮೆಟ್ಟಿಲನ್ನು ಕೂತು ಕೂತು ಹತ್ತಿ, ಬಹಳ ಹೊತ್ತು ನೋಡಿ, ಮೀಸೆಯ ಮೇಲೆ ಕೈಯಾಡಿಸಿದರು. ಈ ವರ್ಷ ಇದೆ, ಖರೆ, ಆ ವರ್ಷವೂ ಇತ್ತು ಎಂದು ಯಾರು ಹೇಳಬೇಕು ಎಂದು ಕೇಳಿದರು.

ಉತ್ತರ ಇದ್ದದ್ದು ಅವರ ಮನೆಯಲ್ಲೇ. ಪಡಸಾಲೆಯಲ್ಲಿ ಇದೇ ಮಾತು ನಡೆದಾಗ ಅವರ ಹೆಂಡತಿ ಕಲ್ಲವ್ವ ನಡುಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಗಂಡನ ಮಾತಿಗೆ ಎಂದೂ ಅಡ್ಡ ಬಾರದ ಹೆಂಗಸು.

"ಇತ್ತು," ಎಂದರು. "ಆ ಶ್ರಾವಣದಾಗ ಅಲ್ಲಿ ಹುಲ್ಲು ಮೊಣಕಾಲುದ್ದ ಬಂದಿತ್ತು. ಕರು ಕಟ್ಟಸ್ರಿ ಅಂತ ನಾ ಅಂದಿದ್ದೆ. ದನದ ಕಾಲು ಬಿದ್ದು ಬಾಯಿ ಕುಸದೀತು, ಬ್ಯಾಡ ಅಂದವ್ರು ನೀವ."

ಪ್ರಭುಲಿಂಗಪ್ಪ ಎದ್ದು ಒಳಗೆ ಹೋದರು. ಅಂದು ಊಟಕ್ಕೂ ಏಳಲಿಲ್ಲವೆಂದು ಆಮೇಲೆ ಕಲ್ಲವ್ವ ಹೇಳಿದರು.

ನಾಲ್ಕು ದಿನ ಬಿಟ್ಟು, ಅಗಸಿಯ ಮುಂದಿನ ತಮ್ಮ ಹಗೇವು ತೆರೆಯಲು ಅವರು ಗ್ಯಾನಪ್ಪನಿಗೆ ಹೇಳಿಕಳಿಸಿದರು. ಅದೇ ತಪ್ಪೊಪ್ಪಿಗೆ ಎಂದು ಅವರ ಲೆಕ್ಕ. ಗ್ಯಾನಪ್ಪ ಬಂದ, ಆದರೆ ಹಾರಿ ತಂದಿರಲಿಲ್ಲ. ಕಟ್ಟೆಯ ತುಂಬ ಜನ. ಅವನು ಕೈ ಮುಗಿದು ಹೇಳಿದ: "ನೀವು ಬಾಯಿಲೆ ಹೇಳ್ರಿ ಧಣ್ಯಾರ. ಇಲ್ಲೆ ನಿಂತು ಹೇಳ್ರಿ. ಆಮ್ಯಾಲ ಹಾರಿ ತರ್ತೀನಿ."

ಪ್ರಭುಲಿಂಗಪ್ಪನವರ ಮುಖ ಕೆಂಪಾಯಿತು. ತಮ್ಮಂದಿರು ಮುಂದೆ ಬಂದರು. ಅವರನ್ನು ಕೈಯಿಂದ ತಡೆದು, ಯಾರ ಮುಖವನ್ನೂ ನೋಡದೆ ಹೇಳಿದರು: "ಲೇವಿಯವ್ರಿಗೆ ಗ್ಯಾನಪ್ಪ ಹೇಳಿಲ್ಲ. ನಾ ತಪ್ಪು ತಿಳ್ಕೊಂಡಿದ್ದೆ."

ಗ್ಯಾನಪ್ಪ ಮನೆಗೆ ಹೋಗಿ ಹಾರಿ ತಂದ. ಚಪ್ಪಡಿ ಸರಿಸಿದ, ದೀಪ ಇಳಿಬಿಟ್ಟ, ದೀಪ ಆರಿತು. ನಾಳೆ ಇಳಿಯುತ್ತೇನೆ ಎಂದು ಹೇಳಿ ಹೋದ. ಮರುದಿನ ಬಂದು ಕೆಲಸ ಮುಗಿಸಿದ. ಕೊಟ್ಟ ಚಹಾ ಕುಡಿದ.

ಇದರಿಂದ ಊರು ತಿಳಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಾವಿಯ ಹತ್ತಿರ ನೀಲವ್ವನ ಜೊತೆ ನಾಲ್ಕೈದು ಹೆಂಗಸರು ಮಾತಾಡತೊಡಗಿದರು, ಅದು ನಿಜ. ಆದರೆ ಪ್ರಭುಲಿಂಗಪ್ಪನಂಥ ಮನುಷ್ಯ ಸುಮ್ಮನೆ ತಲೆ ತಗ್ಗಿಸುತ್ತಾನೆಯೇ, ನಿಧಿಯಲ್ಲಿ ಸಾಹೇಬ ಧಣಿಗೂ ಪಾಲು ಕೊಟ್ಟಿರಬೇಕು, ಗ್ಯಾನಪ್ಪನ ಬಾಯಿ ಮುಚ್ಚಿಸಲು ಈ ನಾಟಕ ಎಂದು ಇನ್ನೊಂದು ಮಾತು ಎದ್ದಿತು. ಹುಲ್ಲು ಚಾಡಿ ಹೇಳುತ್ತದೆ ಎಂಬುದನ್ನು ನಂಬುವುದಕ್ಕಿಂತ ಮನುಷ್ಯ ಹೇಳಿದ ಎಂದು ನಂಬುವುದು ಜನಕ್ಕೆ ಸುಲಭವಾಗಿತ್ತು. ಕೆಲವರು ಸಾಯುವವರೆಗೂ ಹಾಗೇ ನಂಬಿದ್ದರು.

ಮಿರಗದ ಮಳೆ ಕೂಡುವ ಮೊದಲು ಸಾಹೇಬರು ಡೇರೆ ಕಿತ್ತರು. ಮುಂದಿನ ಚಳಿಗಾಲ ಇನ್ನೊಂದು ಬೂದಿಗುಡ್ಡದಲ್ಲಿ ಕೆಲಸವಿದೆ, ಗ್ಯಾನಪ್ಪ ಕುಣಿಗೆ, ನೀಲವ್ವ ಕಾಳು ಆರಿಸುವುದಕ್ಕೆ ಬರಬೇಕು ಎಂದು ಕೇಳಿಕೊಂಡರು. ಇಬ್ಬರೂ ಒಪ್ಪಿದರು. ಆ ಮೇಲೆ ಏಳು ವರ್ಷ ಅವರು ಪ್ರತಿ ಸುಗ್ಗಿಗೂ ಹಾಗೆ ಹೋಗಿ ಬರುತ್ತಿದ್ದರು.

ಪೆಟ್ಟಿಗೆಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ನರೇಗಲ್ಲಿಗೆ ಹೋಗಿ, ಬಸ್ಸಿಗಾಗಿ ಕಾಯುತ್ತಿದ್ದೆವು. ಸಾಹೇಬರು ಬಸ್ಸಿನ ಚೀಟಿ ತೆಗೆಸಲು ಹೋಗಿದ್ದರು. ನಾನು ಗ್ಯಾನಪ್ಪನಿಗೆ, ನಿನ್ನ ಮಾತನ್ನು ಸಾಹೇಬರ ಕಿವಿಗೆ ಹಾಕಿದವನು ನಾನೇ ಎಂದು ಹೇಳಿಬಿಟ್ಟೆ. ಗೊತ್ತು ಎಂದ. ಆಮೇಲೆ ಅವನೇ ಮಾತು ತೆಗೆದ.

"ನಾನೂ ಐದು ವರ್ಷ ನಿಮ್ಮ ಮ್ಯಾಲ ಸಂಶೇ ಪಟ್ಟೀನ್ರಿ ಮಾಸ್ತರ್ರ. ನೀವು ಊರಿಗೆ ಬಂದು ಆಗ ಎರಡು ತಿಂಗಳಾಗಿತ್ತು. ಧಣ್ಯಾರ ಮನ್ಯಾಗ ಇದ್ದವ್ರು. ಸರಕಾರಕ್ಕ ಕಾಗದ ಬರಿಯವ್ರೂ ನೀವ. ಇವ್ರ ಬರದು ಹಾಕ್ಯಾರ ಅಂತ ನಾ ಖಾತ್ರಿ ಮಾಡ್ಕೊಂಡಿದ್ದೆ."

ಯಾರಿಗೂ ಹೇಳಲಿಲ್ಲವೇ ಎಂದು ಕೇಳಿದೆ.

"ಹ್ಯಾಂಗ ಹೇಳ್ಲಿರಿ? ಕಂಡಿದ್ದಿಲ್ಲಲ್ಲ."

ಗಜೇಂದ್ರಗಡದ ಕಡೆಯಿಂದ ಬಸ್ಸು ಧೂಳೆಬ್ಬಿಸುತ್ತ ಬಂತು. ಗ್ಯಾನಪ್ಪ ಏಣಿ ಹತ್ತಿ ಮೇಲೆ ನಿಂತ. ನಾನು ಕೆಳಗಿನಿಂದ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಕೊಟ್ಟೆ, ಅವನು ಕಟ್ಟಿದ.